ಬೆಳಿಗ್ಗೆ ಮಾತ್ರ ಕೆಡುವ ಫೋನು

ನಮ್ಮ ವಾರಗಿತ್ತಿಗೆ ಕೆಟ್ಟುಹೋದ ವಸ್ತುಗಳನ್ನು ಕಂಡರೆ ಆಗುವಷ್ಟು ಸಂತೋಷ ಚೆನ್ನಾಗಿರುವ ಮನುಷ್ಯರನ್ನು ಕಂಡರೆ ಆಗುವುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ, ಸರಿಯಾಗಿಯೇ ಅನ್ನಿಸಿದೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ! ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವರು ಕೇಳುವುದು "ಹೇಗಿದ್ದೀಯೇ" ಎಂದಲ್ಲ, "ಏನಾದ್ರೂ ಕೆಟ್ಟಿದ್ಯೇನೇ" ಎಂದು. ಒಮ್ಮೆ ನಾನು ಜ್ವರ ಬಂದು ಮಲಗಿದ್ದಾಗಲೂ ಹಾಗೇ ಕೇಳಿದರು. "ನನ್ನ ಮೈಯೇ ಕೆಟ್ಟಿದೆ ಅಕ್ಕ" ಎಂದೆ. "ಅದಲ್ಲ ಕಣೇ, ಮಿಕ್ಸಿ ಗಿಕ್ಸಿ" ಎಂದರು.

ವಾರಗಿತ್ತಿ ಎಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ. ಮನೆ ರಾಮಕೃಷ್ಣನಗರದಲ್ಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿ. ಕೆಲಸ, ಶಾಲೆಯೊಂದರಲ್ಲಿ ಹಿಂದಿ ಪಾಠ. ಹಿಂದಿಗೂ ಸ್ಕ್ರೂಡ್ರೈವರಿಗೂ ಎಲ್ಲಿಯ ಸಂಬಂಧ ಎಂದು ನಾನು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದೇನೆ. ಎಲ್ಲ ಹೆಂಗಸರ ಕೈಚೀಲದಲ್ಲಿ ಬಾಚಣಿಗೆ, ಕರವಸ್ತ್ರ, ತಲೆನೋವಿನ ಮಾತ್ರೆ ಇದ್ದರೆ ಇವರ ಚೀಲದಲ್ಲಿ ಇಕ್ಕಳ, ಉಪ್ಪುಕಾಗದ, ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಕುಪ್ಪಿ. ಮದುವೆಮನೆಗೆ ಬಂದರೂ ಅಷ್ಟೇ. ಹುಡುಗ ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಛತ್ರದ ಕೈತೊಳೆಯುವ ನಲ್ಲಿಯ ಮುಂದೆ ಬಗ್ಗಿ ನಿಂತಿರುತ್ತಾರೆ. ನಲ್ಲಿ ಸೋರುವುದು ನಿಲ್ಲುತ್ತದೆ, ಅಕ್ಷತೆ ಮಾತ್ರ ಇವರ ಸೆರಗಿನಲ್ಲೇ ಉಳಿಯುತ್ತದೆ.

ಅವರ ಸ್ವಂತ ಮನೆಯ ಕಥೆ ಕೇಳಬೇಡಿ. ಅಲ್ಲಿ ಯಾವ ಸ್ವಿಚ್ ಒತ್ತಿದರೆ ಏನು ಶುರುವಾಗುತ್ತದೆ ಎಂಬುದು ನಮ್ಮ ಭಾವನವರಿಗೇ ಗೊತ್ತಿಲ್ಲ. ಪಾಪ, ಅವರು ದೀಪ ಹಾಕುವ ಮೊದಲು "ಹಾಕ್ಲೇನೇ?" ಎಂದು ಹೆಂಡತಿಯ ಅಪ್ಪಣೆ ಕೇಳುತ್ತಾರೆ. ಆದರೆ ವಾರಗಿತ್ತಿ ತಮ್ಮ ತಪ್ಪನ್ನು ಒಪ್ಪಿಕೊಂಡದ್ದನ್ನು ನಮ್ಮ ಕುಟುಂಬದಲ್ಲಿ ಯಾರೂ ಕಂಡಿಲ್ಲ. "ನನ್ನ ರಿಪೇರಿ ಕೆಡೋದಿಲ್ಲ, ಬಳಸೋರು ಕೆಡಿಸ್ತಾರೆ" ಎನ್ನುವುದು ಅವರ ಖಾಯಂ ಮಾತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ಹೊಟ್ಟೆ ಉರಿಯುವುದು ಅತ್ತೆಯ ವಿಷಯದಲ್ಲಿ. ಅತ್ತೆ ಇರುವುದು ಬೋಗಾದಿಯಲ್ಲಿ, ನಮ್ಮ ಜೊತೆ. ಅವರ ಮೊಣಕಾಲಿಗೆ ಮೂರನೇ ಮಹಡಿ ಆಗುವುದಿಲ್ಲ. ಬೆಳಗಿನ ಕಾಫಿಯಿಂದ ಹಿಡಿದು ಮಲಗುವ ಮುಂಚಿನ ಮಾತ್ರೆಯವರೆಗೆ ಎಲ್ಲವೂ ನನ್ನ ಕೈಯಲ್ಲೇ. ಆದರೆ "ಜಾಣೆ" ಎಂಬ ಮಾತು ಅತ್ತೆಯ ಬಾಯಿಂದ ಬರುವುದು ಮಾತ್ರ ದೊಡ್ಡ ಸೊಸೆಗೆ! ಇದು ಎಲ್ಲಿಯ ನ್ಯಾಯ? ಹೋದ ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ತಂದು, ಸುಲಿದು, ನೆನೆಸಿ, ಒಂದೊಂದೇ ಕಾಳನ್ನು ಹಿತುಕಿ, ಬೆರಳೆಲ್ಲ ಸುಕ್ಕಾಗಿಸಿಕೊಂಡು ಹಿತಕಿದ ಬೇಳೆ ಸಾರು ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಒಂಚೂರು ಮುಂದಾಯ್ತು, ಇರ್ಲಿ ಬುಡು" ಎಂದರು. ಅಷ್ಟರಲ್ಲಿ ವಾರಗಿತ್ತಿ ಬಂದರು. ಕುಕ್ಕರಿನ ಸಡಿಲ ಹಿಡಿಯನ್ನು ನೋಡಿ, ನಿಂತಲ್ಲೇ ಸ್ಕ್ರೂ ಬಿಗಿ ಮಾಡಿ ಇಟ್ಟರು. "ನೋಡವ್ವ, ಬಂದ ಕಾಲಲ್ಲೇ ಎಂಗೆ ಸರಿಮಾಡ್ಬುಟ್ಲು, ಜಾಣೆ" ಎಂದರು ಅತ್ತೆ. ಆ ದಿನ ನಾನು ಸಾರು ಬಡಿಸುವಾಗ ಸೌಟಿನ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿರಬೇಕು.

ಫೋನಿನ ಪ್ರಕರಣ ಶುರುವಾದದ್ದು ಅತ್ತೆಯ ಕಣ್ಣು ಮಂಜಾದಾಗ. ಮೇಟಗಳ್ಳಿಯಲ್ಲಿ ಅವರ ತಂಗಿಯೊಬ್ಬರಿದ್ದಾರೆ. ಬಂದ ಫೋನ್ ಎತ್ತುವುದು ಬಿಟ್ಟರೆ ತಾವಾಗಿ ಮಾಡಲು ಅವರಿಗೆ ಬಾರದು. ಇಬ್ಬರೂ ದಿನಾ ಬೆಳಿಗ್ಗೆ, ಎರಡೂ ಮನೆಯವರು ಏಳುವ ಮೊದಲು, ಫೋನಿನಲ್ಲಿ ಮಾತಾಡಲೇಬೇಕು. ಒಂದು ದಿನ ತಪ್ಪಿದರೆ ಅತ್ತ ಆಕೆ "ಅಕ್ಕಂಗೆ ಏನಾಯ್ತೋ" ಎಂದು ಕಂಗಾಲು, ಇತ್ತ ಈಕೆ ತಿಂಡಿ ಮುಟ್ಟುವುದಿಲ್ಲ. ಕಣ್ಣು ಚೆನ್ನಾಗಿದ್ದಾಗ ಹೇಗೋ ಮೊಬೈಲ್ ನಡೆಯುತ್ತಿತ್ತು. ಮಂಜಾದ ಮೇಲೆ ಅತ್ತೆಯ ಬೆರಳು ಗಾಜಿನ ಮೇಲೆ ಎಲ್ಲೆಲ್ಲೋ ಹೋಗತೊಡಗಿತು. ಒಂದು ಮುಂಜಾನೆ ಗ್ಯಾಸ್ ಸಿಲಿಂಡರ್ ತರುವವನಿಗೆ ವಿಡಿಯೋ ಕಾಲ್ ಹೋಯಿತು. ಅವನು ಟವೆಲ್ ಸುತ್ತಿಕೊಂಡು ಹಲ್ಲುಜ್ಜುತ್ತಿದ್ದವನು ಗಾಬರಿಯಿಂದ "ಇವತ್ತೇ ತರ್ತೀನಿ ಅಜ್ಜಿ" ಎಂದು ಮಾತು ಕೊಟ್ಟ. ಬುಕ್ ಮಾಡದ ಸಿಲಿಂಡರ್ ಬಂದದ್ದು ನಮ್ಮ ಬಡಾವಣೆಯಲ್ಲಿ ಅದೇ ಮೊದಲು.

"ಕೊಡಿ ಅತ್ತೆ, ನಾನೇ ಹಚ್ಚಿಕೊಡ್ತೀನಿ" ಎಂದೆ. ಅತ್ತೆ ಫೋನನ್ನು ಎದೆಗವಚಿಕೊಂಡರು. "ನೀನು ಪಕ್ಕದಲ್ಲಿ ನಿಂತ್ರೆ ಮಾತಾಡೋದು ಎಂಗೆ? ನಿನ್ ವಿಷ್ಯಾನೇ ಅಲ್ವಾ ನಾವು ಮಾತಾಡೋದು."

ನೋಡಿ, ಎಷ್ಟು ನೇರ!

ಆಗ ವಾರಗಿತ್ತಿ ನಮ್ಮ ಅಟ್ಟ ಹತ್ತಿದರು. ಮಾವನವರ ಕಾಲದ ಕಪ್ಪು ಫೋನೊಂದು ಅಲ್ಲಿ ಹಳೆಯ ಹಾಸಿಗೆಯ ಕೆಳಗೆ ಬಿದ್ದಿತ್ತು. ಬೆರಳು ತೂರಿಸಿ ಗರಗರ ತಿರುಗಿಸುವ ಡಯಲ್ಲಿನದು. ಎತ್ತಿದರೆ ರುಬ್ಬುಗುಂಡಿನ ಭಾರ. ಡಯಲ್ ಅಂತೂ ಹಿಡಿದುಕೊಂಡು ಕೂತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಒರೆಸುವಾಗ ವಾರಗಿತ್ತಿಯ ಮುಖ ನೋಡಬೇಕಿತ್ತು. ನಮ್ಮ ಮಗುವಿನ ನಾಮಕರಣದ ದಿನವೂ ಅವರು ಮಗುವನ್ನು ಹಾಗೆ ನೋಡಿರಲಿಲ್ಲ.

"ಅತ್ತೆಗೆ ಕಣ್ಣು ಬೇಡ ಕಣೇ, ಬೆರಳು ಸಾಕು. ಕೊನೇ ತೂತು ಸೊನ್ನೆ, ಅಲ್ಲಿಂದ ಲೆಕ್ಕ ಹಾಕಿಕೊಂಡು ತಿರುಗಿಸಿದರಾಯ್ತು" ಎಂದರು. ನನಗೆ ಇದು ಹೊಳೆದಿರಲಿಲ್ಲ. ಹೊಳೆದಿದ್ದರೆ ನಾನೇ ಅಟ್ಟ ಹತ್ತುತ್ತಿರಲಿಲ್ಲವೇ? ಅದೂ ಒಂದು ಹೊಟ್ಟೆಕಿಚ್ಚು.

ಒಂದು ಶನಿವಾರ ಮಧ್ಯಾಹ್ನವೆಲ್ಲ ನಮ್ಮ ಊಟದ ಮೇಜು ಆಪರೇಷನ್ ಥಿಯೇಟರ್ ಆಯಿತು. ನಾನು ನರ್ಸ್. "ಆ ಸಣ್ಣ ಸ್ಕ್ರೂ ಕೊಡು. ಅದಲ್ಲ. ಅದೂ ಅಲ್ಲ. ಬಿಡು, ನಾನೇ ತಗೋತೀನಿ." ಡಯಲ್ಲಿನ ಮುಖ ಬಿಚ್ಚಿದರೆ ಒಳಗೆ ಸುರುಳಿ ಸ್ಪ್ರಿಂಗು, ಹಲ್ಲಿನ ಚಕ್ರಗಳು, ವೇಗ ಮಿತಿಮೀರದಂತೆ ತಡೆಯುವ ಗಿರಗಟ್ಲೆಯಂಥ ಪುಟ್ಟ ಸಾಧನ. ನಾವು ಡಯಲ್ ತಿರುಗಿಸುವಾಗ ನಂಬರ್ ಹೋಗುವುದಿಲ್ಲವಂತೆ. ಬೆರಳು ತೆಗೆದ ಮೇಲೆ ಅದು ತಾನಾಗಿ ವಾಪಸ್ಸು ಬರುತ್ತದಲ್ಲ, ಆಗ ಒಳಗೆ ಟಿಕ್ ಟಿಕ್ ಎಂದು ಎಣಿಸಿಕೊಂಡು ಹೋಗುವುದಂತೆ. ವಾಪಸ್ಸು ಬರುವ ಓಟ ಒಂದೇ ಸಮನಾಗಿರಬೇಕು, ಎಳೆದಾಡಿದರೆ ಎಣಿಕೆ ತಪ್ಪುತ್ತದೆ. ಇದನ್ನೆಲ್ಲ ಅವರು ಹೇಳುತ್ತಿದ್ದರೆ ಅತ್ತೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಮಾತ್ರೆ ತಗೊಳ್ಳಿ ಎಂದಾಗ ಕಿವಿ ಕೇಳಿಸದ ಅತ್ತೆ ಇವರೇ ಎಂದು ನಂಬುವುದು ಕಷ್ಟವಾಯಿತು.

ಹಳೆಯ ಗ್ರೀಸು ಅಂಟಾಗಿ ಹಿಡಿದಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಮುಟ್ಟಿಸಿ, ಜೋಡಿಸಿದರು. ನಮ್ಮ ಇಂಟರ್ನೆಟ್ಟಿನ ಜೊತೆ ಬಂದ ಲ್ಯಾಂಡ್‌ಲೈನಿಗೆ ಈ ಟಿಕ್ ಟಿಕ್ ಅರ್ಥವಾಗುವುದಿಲ್ಲ ಎಂದು ನಡುವೆ ಒಂದು ಪುಟ್ಟ ಡಬ್ಬಿಯನ್ನೂ ತರಿಸಿ ಸಿಕ್ಕಿಸಿದರು. ಅತ್ತೆ ಬೆರಳಿಟ್ಟು ತಿರುಗಿಸಿದರು. ಡಯಲ್ ಸರ್ರನೆ ವಾಪಸ್ಸು ಬಂತು. ಮೇಟಗಳ್ಳಿ ಸಿಕ್ಕಿತು. ಅತ್ತೆ ತಂಗಿಗೆ ಹೇಳಿದ ಮೊದಲ ಮಾತು, "ನಮ್ ದೊಡ್ಡೋಳು ಏನ್ ಜಾಣೆ ಅಂತೀಯೇ." ನಾನು ಕಾಫಿ ಸೋಸಲು ಎದ್ದು ಹೋದೆ. ಯಾರೂ ಕಾಫಿ ಕೇಳಿರಲಿಲ್ಲ.

ದಸರೆಯ ಮೊದಲಿನ ಮಾತು ಇದು. ಡಿಸೆಂಬರ್ ಬಂತು, ಚಳಿ ಬಂತು. ಬೋಗಾದಿಯಲ್ಲಿ ಇನ್ನೂ ಮನೆಯೇಳದ ಸೈಟುಗಳೇ ಸುತ್ತಮುತ್ತ ಇರುವುದರಿಂದ ಬೆಳಗಿನ ಗಾಳಿ ನೇರ ಹಜಾರಕ್ಕೇ ನುಗ್ಗುತ್ತದೆ. ಒಂದು ದಿನ ಅತ್ತೆ ಮೇಟಗಳ್ಳಿಗೆ ಡಯಲ್ ಮಾಡಿದರೆ ಯಾರೋ ಗಂಡಸು ಎತ್ತಿದ. ಮಾರನೆಯ ದಿನ ಇನ್ಯಾರೋ. ಅತ್ತೆ ಫೋನ್ ಇಡುವ ಜಾತಿಯಲ್ಲ. "ಯಾರಾದ್ರೇನಪ್ಪಾ, ನಿಮ್ ಕಡೆ ಅವರೆಕಾಯಿ ಬಂತಾ?" ಎಂದು ಶುರುಮಾಡುತ್ತಿದ್ದರು. ಆ ವಾರದಲ್ಲಿ ಅವರಿಗೆ ಗೊತ್ತಿಲ್ಲದ ಊರುಗಳಲ್ಲೆಲ್ಲ ಸ್ನೇಹಿತರಾದರು, ತಂಗಿಯೊಬ್ಬಳು ಮಾತ್ರ ಸಿಗಲಿಲ್ಲ. ನಾನು ನೋಡಿದೆ. ಡಯಲ್ ತಿರುಗುತ್ತಿತ್ತು, ಆದರೆ ವಾಪಸ್ಸು ಬರುವಾಗ ಒಲ್ಲದ ಮನಸ್ಸಿನಿಂದ ಶಾಲೆಗೆ ಹೊರಟ ಮಗುವಿನ ಹಾಗೆ ಕಾಲೆಳೆಯುತ್ತಿತ್ತು. ಐದು ಎಂದು ತಿರುಗಿಸಿದ್ದನ್ನು ಆ ಡಬ್ಬಿ ಎರಡು, ಆಮೇಲೆ ಮೂರು ಎಂದು ಎಣಿಸಿಕೊಳ್ಳುತ್ತಿತ್ತೋ ಏನೋ.

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ದೊಡ್ಡ ಸೊಸೆಯ ರಿಪೇರಿ ಕೆಟ್ಟಿತು! ನಾನೇ ಮೊಬೈಲಿನಲ್ಲಿ ಅವರಿಗೆ ಸುದ್ದಿ ಮುಟ್ಟಿಸಿದೆ, ದನಿಯಲ್ಲಿ ಸಾಕಷ್ಟು ದುಃಖ ಬೆರೆಸಿ. ಅವರು ಶಾಲೆ ಮುಗಿಸಿಕೊಂಡು ಮಧ್ಯಾಹ್ನ ಬಂದರು. ಡಯಲ್ ತಿರುಗಿಸಿದರು. ಸರ್ರನೆ ವಾಪಸ್ಸು ಬಂತು! ಮತ್ತೆ ತಿರುಗಿಸಿದರು. ಮತ್ತೆ ಸರ್ರನೆ. ಡಾಕ್ಟರ ಮುಂದೆ ಕೂತಾಗ ಮಾತ್ರ ಇಳಿಯುವ ಜ್ವರವಿರುತ್ತದಲ್ಲ, ಹಾಗೆ.

"ಬಿಚ್ಚಿ ನೋಡಿ ಅಕ್ಕ" ಎಂದೆ.

"ಓಡ್ತಾ ಇರೋದನ್ನ ಬಿಚ್ಚಬಾರದು ಕಣೇ. ನೀನು ತಿರುಗಿಸೋ ರೀತಿಯಲ್ಲೇ ಏನೋ ಐಬಿದೆ" ಎಂದರು.

ಅತ್ತೆ ನನ್ನ ಕಡೆ ನೋಡಿದರು. ಒಂದು ದಿನವೂ ಆ ಫೋನನ್ನು ಮುಟ್ಟದ ನಾನು ಅಪರಾಧಿಯಾದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಕಥೆ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬೀಳುವ ಹೊತ್ತಿಗೆ ಮತ್ತೆ ಸರಿ. ಆಗಲೇ ಮಾಡಿ ಎಂದರೆ, ಮನೆಮಂದಿಯೆಲ್ಲ ಓಡಾಡುವಾಗ ಎಂಥ ಮಾತು ಎಂದು ಅತ್ತೆ ಒಪ್ಪಲಿಲ್ಲ. ಒಮ್ಮೆ ವಾರಗಿತ್ತಿ ಅದನ್ನು ತಮ್ಮ ಮನೆಗೆ ಹೊತ್ತುಕೊಂಡು ಹೋಗಿ, ಟೀವಿಯ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದರು. ಅಲ್ಲಿ ತಾರಸಿಯ ಬಿಸಿಗೆ ಅದು ಹುಡುಗರ ಬುಗುರಿಯ ಹಾಗೆ ಓಡಿತಂತೆ. "ನಿಮ್ಮನೇಲೇ ಏನೋ ಇದೆ" ಎಂದು ವಾಪಸ್ಸು ತಂದಿಟ್ಟರು. ಇಷ್ಟರಲ್ಲಿ ಮೇಟಗಳ್ಳಿಯ ಚಿಕ್ಕತ್ತೆ, ಅಕ್ಕನ ದನಿ ಕೇಳದೆ ಹುಷಾರು ತಪ್ಪಿದ್ದಾರೆ ಎಂದು ಅವರ ಮಗ ಫೋನ್ ಮಾಡಿದ. ನನ್ನ ಮೊಬೈಲಿನಲ್ಲಿ ಮಾತಾಡಿಸಿದೆ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರೂ ಅತ್ತೆ "ಉಂಡ್ಯಾ, ಮಲಗಿದ್ಯಾ" ಎಂಬುದರಾಚೆ ಬಾಯಿ ಬಿಡಲಿಲ್ಲ. ಫೋನ್ ವಾಪಸ್ಸು ಕೊಡುವಾಗ ಅವರ ಮುಖ ಸಣ್ಣದಾಗಿತ್ತು. ನನ್ನ ಖುಷಿ ಅಲ್ಲಿಗೆ ಮುಗಿಯಿತು. ವಾರಗಿತ್ತಿ ಸೋಲಬೇಕು ಎಂಬ ಆಸೆಯೇನೋ ಇತ್ತು, ಆದರೆ ಅತ್ತೆ ಹೀಗೆ ಮಂಕಾಗಿ ಕೂರುವುದು ನನ್ನಿಂದ ನೋಡಲಾಗಲಿಲ್ಲ.

"ಅಕ್ಕ, ನೀವು ಬೆಳಿಗ್ಗೆ ಬನ್ನಿ. ಅತ್ತೆ ಫೋನ್ ಮಾಡೋ ಹೊತ್ತಿಗೆ" ಎಂದೆ.

ಭಾನುವಾರ ಬೆಳಕು ಹರಿಯುವ ಮುಂಚೆಯೇ ಗೇಟಿನ ಸದ್ದಾಯಿತು. ಸೀರೆಯ ಮೇಲೆ ಭಾವನವರ ಸ್ವೆಟರ್, ತಲೆಗೆ ಮಂಕಿ ಟೋಪಿ, ಹೆಗಲಿಗೆ ಆ ಚೀಲ. ಕಳ್ಳನೆಂದು ಕೂಗಬೇಕೋ ಅಕ್ಕ ಎನ್ನಬೇಕೋ ತಿಳಿಯದೆ ನಾನು ಬಾಗಿಲು ತೆಗೆದೆ. ಅವರು ಕಾಫಿಯನ್ನೂ ಮುಟ್ಟದೆ ಡಯಲ್ ತಿರುಗಿಸಿ ಬಿಟ್ಟರು. ಅದು ಅರ್ಧ ಬಂದು ನಿಂತು, ಯೋಚಿಸಿ, ಮತ್ತೆ ಹೊರಟಿತು. ಕೆಟ್ಟಿದ್ದನ್ನು ಕಣ್ಣಾರೆ ಕಂಡ ವಾರಗಿತ್ತಿಯ ಮುಖ ಅರಳಿತು.

ದೀಪದ ಕೆಳಗೆ ಬಿಚ್ಚಿದರು. ಅತ್ತೆ ಶಾಲು ಹೊದ್ದು ಪಕ್ಕದಲ್ಲಿ ಕೂತರು. ನಾನು ಟಾರ್ಚ್ ಹಿಡಿದೆ. ಹಲ್ಲಿನ ಚಕ್ರಗಳ ನಡುವೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. "ಇದು ಗ್ರೀಸಲ್ಲ. ನಾನು ಹಾಕೇ ಇಲ್ಲ" ಎಂದು ವಾರಗಿತ್ತಿ ಸೂಜಿಯ ತುದಿಯಲ್ಲಿ ಒಂದಿಷ್ಟು ತೆಗೆದು ದೀಪಕ್ಕೆ ಹಿಡಿದರು. ಅಡುಗೆಮನೆಯಲ್ಲೇ ವಯಸ್ಸು ಸವೆಸುತ್ತಿರುವವಳಿಗೆ ಅದನ್ನು ಗುರುತಿಸಲು ದೀಪ ಬೇಕೇ? ಮೂಗಿಗೆ ತಾಗಿದ ಕೂಡಲೇ ತಿಳಿಯಿತು. ಕೊಬ್ಬರಿ ಎಣ್ಣೆ! ಚಳಿಗೆ ಗಟ್ಟಿಯಾಗಿ ಕೂತಿದೆ. ಬಿಸಿಲು ಬಿದ್ದ ಮೇಲೆ ಕರಗಿ ತಿಳಿಯಾಗುತ್ತದೆ.

ಆ ಗಳಿಗೆಯಲ್ಲಿ ಆಯುಧಪೂಜೆಯ ದಿನ ನನ್ನ ಕಣ್ಣಮುಂದೆ ಬಂತು. ನಮ್ಮ ಮನೆಯಲ್ಲಿ ಅಂದು ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ. ಪೂಜೆಗೆ ಮುಂಚೆ, ತಿರುಗುವ ಪ್ರತಿಯೊಂದು ವಸ್ತುವಿಗೂ ಅತ್ತೆಯ ಕೈಯಿಂದ ಎಣ್ಣೆ. ಫ್ಯಾನು ಕೈಗೆ ಎಟುಕದ್ದರಿಂದ ಮಾತ್ರ ಬಚಾವಾಗುತ್ತದೆ. ಈ ವರ್ಷ ಸಾಲಿನಲ್ಲಿ ಫೋನೂ ಕೂತಿತ್ತು. ಅತ್ತೆ ಅದರ ಹಣೆಗೆ ಕುಂಕುಮವಿಟ್ಟು, ದಾಸವಾಳ ಮುಡಿಸಿ, "ಪಾಪ, ದಿನಾ ತಿರುಗುತ್ತೆ" ಎಂದು ಡಯಲ್ಲಿನ ತೂತುಗಳಿಗೆ ಚಮಚದಲ್ಲಿ ಎಣ್ಣೆ ಬಿಟ್ಟಿದ್ದರು.

ನಾನು ಬಾಯಿ ತೆರೆದೆ. ಎಂಥ ಸುಸಂದರ್ಭ! ಹಿತಕಿದ ಬೇಳೆಯ ಉಪ್ಪಿಗೆ, ನಾನು ತಿರುಗಿಸುವ ರೀತಿಯಲ್ಲಿ ಐಬಿದೆ ಎಂದದ್ದಕ್ಕೆ, ಎಲ್ಲಕ್ಕೂ ಒಂದೇ ಮಾತಿನಲ್ಲಿ ಉತ್ತರ ಸಿದ್ಧವಾಗಿತ್ತು. ಅಷ್ಟರಲ್ಲಿ ಅತ್ತೆಯ ಕಡೆ ನೋಡಿದೆ. ಕಣ್ಣು ಮಂಜಾದರೇನು, ಮೂಗು ಚೆನ್ನಾಗಿದೆಯಲ್ಲ. ಅವರಿಗೂ ವಾಸನೆ ಬಡಿದಿತ್ತು. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದ್ದರು. ನಾನು ಬಾಯಿ ಮುಚ್ಚಿ ಟಾರ್ಚನ್ನು ಚಕ್ರಗಳ ಕಡೆಗೆ ತಿರುಗಿಸಿದೆ.

ವಾರಗಿತ್ತಿ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಸೂಜಿಯನ್ನು ಸೀರೆಗೆ ಒರೆಸಿಕೊಂಡರು.

"ಥೂ, ನಾನೇ ಹಾಕಿದ್ದು ಅತ್ತೆ. ಆವತ್ತು ಯಂತ್ರದ ಎಣ್ಣೆ ಸಾಲದೆ ಬಂತು, ಇದನ್ನೇ ಬಿಟ್ಟೆ. ನನ್ನದೇ ತಪ್ಪು" ಎಂದರು.

ನನ್ನದೇ ತಪ್ಪು! ಈ ಮಾತನ್ನು ಕೇಳಲು ಭಾವನವರು ಇಲ್ಲಿ ಇರಬೇಕಿತ್ತು.

ಅತ್ತೆ ಮೆಲ್ಲಗೆ ತಲೆ ಎತ್ತಿದರು. ಅವರಿಗೆ ನಿಜ ಮರೆತುಹೋಗಿತ್ತೋ, ಮರೆಯುವುದು ಸುಲಭವೆನ್ನಿಸಿತೋ ನನಗೆ ಇಂದಿಗೂ ಗೊತ್ತಿಲ್ಲ. "ನಿಂಗೆ ಬುದ್ಧಿ ಗಿದ್ದಿ ಐತೇನೇ?" ಎಂದು ಶುರುಮಾಡಿದರು ನೋಡಿ, ಆಮೇಲೆ ನಿಲ್ಲಲಿಲ್ಲ. "ಕೊಬ್ಬರಿ ಎಣ್ಣೆ ಚಳೀಗೆ ಗಟ್ಟಿಯಾಗುತ್ತೆ ಅಂತ ಹಸುಗೂಸಿಗೂ ಗೊತ್ತು. ಓದ್ದೋಳು, ಇಸ್ಕೂಲಲ್ಲಿ ಪಾಠ ಹೇಳೋಳು. ಅಲ್ಲಿ ನನ್ ತಂಗಿ ಹುಷಾರು ತಪ್ಪಿ ಮಲಗವ್ಳೆ. ಇನ್ಮೇಲೆ ನನ್ನ ಕೇಳ್ದೆ ಏನೂ ಮುಟ್ಬೇಡ." ವಾರಗಿತ್ತಿ ತಲೆ ಬಗ್ಗಿಸಿಕೊಂಡು ಬೆಳ್ಳಗಿನದನ್ನೆಲ್ಲ ಸ್ಪಿರಿಟ್ಟಿನಿಂದ ಒರೆಸಿ ತೆಗೆದರು, ಯಂತ್ರದ ಎಣ್ಣೆ ಮುಟ್ಟಿಸಿದರು, ಜೋಡಿಸಿದರು. ಡಯಲ್ ಚಳಿಯಲ್ಲೇ ಸರ್ರನೆ ಓಡಿತು. ಮೇಟಗಳ್ಳಿ ಸಿಕ್ಕಿತು. "ದೊಡ್ಡೋಳು ಎಣ್ಣೆ ಬಿಟ್ಬುಟ್ಟಿದ್ಲಂತೆ ಕಣೇ" ಎಂದು ಅತ್ತೆ ಕಾಲು ಚಾಚಿ ಕೂತರು. ಆ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ.

ವಾರಗಿತ್ತಿ ಚೀಲ ತೆಗೆದುಕೊಂಡು ಹೊರಟರು. ನಾನು ಗೇಟಿನವರೆಗೂ ಹಿಂದೆಯೇ ಹೋದೆ.

"ಯಾಕಕ್ಕ? ಎಣ್ಣೆ ಯಾರು ಬಿಟ್ಟಿದ್ದು ಅಂತ ನಿಮಗೂ ಗೊತ್ತಾಯ್ತು. ಸುಮ್ಮನೆ ಯಾಕೆ ಬೈಸ್ಕೊಂಡ್ರಿ?"

ಸ್ಕೂಟರಿಗೆ ಕೀ ಹಾಕಿದವರು ಹಾಗೇ ನಿಂತರು. ಮಂಕಿ ಟೋಪಿಯೊಳಗಿನ ಮುಖದಲ್ಲಿ ನಗು ಇತ್ತು.

"ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನನ್ನ ಬೈದಿದ್ದು ಇದೇ ಮೊದಲು ಕಣೇ" ಎಂದರು. "ನಿನಗೆ ಉಪ್ಪು ಮುಂದು ಅಂತಾರೆ, ಬಾಗಿಲು ಮೆಲ್ಲಗೆ ಹಾಕು ಅಂತಾರೆ, ಸ್ನಾನಕ್ಕೆ ಹೋದರೆ ಎಷ್ಟೊತ್ತೇ ಅಂತ ಕೂಗ್ತಾರೆ. ನನಗೆ ಬರೀ ಜಾಣೆ, ಜಾಣೆ. ಬಂದ ನೆಂಟರನ್ನ ಯಾರಾದ್ರೂ ಬೈತಾರಾ? ರಿಪೇರಿ ಇಲ್ಲದೆ ಸುಮ್ನೆ ಕೂತರೆ, ಬೇಜಾರಾದೀತು ಅಂತ ನನಗೋಸ್ಕರ ಟೀವಿ ಹಾಕ್ತಾರೆ ಕಣೇ. ಎದ್ದು ಹೋಗಿಬಿಡೋಣ ಅನ್ಸುತ್ತೆ. ನಿನ್ನ ನೋಡಿದ್ರೆ ನನಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ?"

ಹೊಟ್ಟೆಕಿಚ್ಚು ಎಂಬುದು ಇಷ್ಟು ವರ್ಷ ನನ್ನೊಬ್ಬಳ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಇವರೂ ಅದರ ಪಾಲುದಾರರೇ? ನಮ್ಮ ಮನೆಗೆ ಬಂದ ಒಂದು ದಿನವೂ ಅವರು ಉಂಡ ತಟ್ಟೆಯನ್ನು ಅವರ ಕೈಯಿಂದ ನಾನು ಎತ್ತಿಸಿರಲಿಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಕೈ ಚಾಚಿ ಸ್ಕೂಟರಿನ ಕೀ ತೆಗೆದುಕೊಂಡೆ.

"ಒಳಗೆ ಬನ್ನಿ ಅಕ್ಕ. ನಿನ್ನೆಯ ಪಾತ್ರೆ ಹಾಗೇ ಬಿದ್ದಿವೆ. ನೀವು ಉಜ್ಜಿ, ನಾನು ಉಪ್ಪಿಟ್ಟಿಗೆ ಇಡ್ತೀನಿ."

ಅವರು ಮಂಕಿ ಟೋಪಿ ತೆಗೆದು ಇಕ್ಕಳದ ಪಕ್ಕಕ್ಕೆ ತುರುಕಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಮುಂದೆಯೇ ಹಾದು ನೇರ ಅಡುಗೆಮನೆಗೆ ನಡೆದರು. ಯಂತ್ರಗಳ ಮೇಲೆ ಅಷ್ಟು ಹಗುರಾಗಿ ಆಡುವ ಕೈ, ಪಾತ್ರೆಗಳ ಮೇಲೆ ಡೊಳ್ಳು ಬಾರಿಸತೊಡಗಿತು. ಹಜಾರದಲ್ಲಿ ಅತ್ತೆ ರಿಸೀವರಿನ ಬಾಯಿಗೆ ಕೈ ಮುಚ್ಚಿ ಕೂಗಿದರು.

"ಏ ದೊಡ್ಡೋಳೇ, ಉಜ್ತಿದ್ದೀಯೋ ಒಡೀತಿದ್ದೀಯೋ? ಮೆಲ್ಲಗೆ."

"ಆಯ್ತು ಅತ್ತೆ" ಎಂದರು ವಾರಗಿತ್ತಿ. ದನಿ ಒಡೆದಿತ್ತು. ಅವರು ತಿರುಗಿ ನೋಡಲಿಲ್ಲ. ನಾನೂ ರವೆ ಹುರಿಯುತ್ತಾ ಆ ಕಡೆ ತಿರುಗಲಿಲ್ಲ. ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತರೆ ನಮ್ಮ ಮನೆಯಲ್ಲಿ ತಿಂಡಿ ಆಗುವುದು ಯಾವಾಗ?